ಅವಳ ಹೆಸರಿಗೊಂದು ಸರ್ವರ್

"ನನ್ನ ಸೈಟ್ ಯಾಕ್ರೀ ಮುಚ್ಚಿದ್ರಿ?"

ಬಾಗಿಲಲ್ಲೇ ನಿಂತು ಕೂಗಿಬಿಟ್ಟಳು ಸಂಘಮಿತ್ರ!

ಚಿಂತಾಮಣಿ ಬಸ್ ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿ ಮೇಲಿನ ಪುಟ್ಟ ಆಫೀಸು ಅದು. ಕೆಲವು ಕಂಪ್ಯೂಟರು, ಕಿರುಗುಟ್ಟುವ ಒಂದು ಫ್ಯಾನು. ಒಳಗಿದ್ದವನು ಒಬ್ಬನೇ. ಅರ್ಧ ತಿಂದ ಬನ್ನು ಕೈಯಲ್ಲಿ ಹಿಡಿದುಕೊಂಡೇ ಗಾಬರಿಯಿಂದ ಎದ್ದು ನಿಂತ.

"ಯಾವ ಸೈಟ್ ಮೇಡಂ?"

"ಹತ್ತನೇ ಕ್ಲಾಸಿನ ಪಾಠದ್ದು! ಬೆಳಿಗ್ಗೆಯಿಂದ ತೆರೆದ್ರೆ ಸಾಕು, ಅಕೌಂಟ್ ಸಸ್ಪೆಂಡ್ ಅಂತ ಬರ್ತಿದೆ. ನಿಮ್ಮ ಫೋನ್ ನೋಡಿದ್ರೆ ಯಾವಾಗ್ಲೂ ಎಂಗೇಜು. ಗೌರಿಬಿದನೂರಿಂದ ಬಸ್ ಹತ್ತಿ ಬಂದಿದ್ದೀನಿ. ಪರೀಕ್ಷೆ ಹತ್ರ ಬಂದಾಗ ಮಕ್ಕಳ ಪುಸ್ತಕ ಕಿತ್ಕೊಂಡ್ರಲ್ಲ... ಮನುಷ್ಯರೇನ್ರೀ ನೀವು?"

ಅವನ ಮುಖ ಬದಲಾಯಿತು. ಬೈಗುಳಕ್ಕಲ್ಲ... ಅವಳ ಕಣ್ಣಂಚಿನಲ್ಲಿ ತುಂಬಿ ನಿಂತಿದ್ದ ನೀರಿಗೆ.

"ಆ ಸೈಟ್ ಮಾಡಿದ್ದು ನೀವಾ? ನಮ್ಮಕ್ಕನ ಮಗಳು ಅದನ್ನೇ ಓದ್ತಾಳೆ ಮೇಡಂ. ಪಾಠ ಬರ್ದೋರು ಯಾರೋ ವಯಸ್ಸಾದ ಮೇಷ್ಟ್ರು ಅಂದ್ಕೊಂಡಿದ್ದೆ."

ಅವನ ಹೆಸರು ಬೀರೇಶ್. ವೆಬ್‌ಸೈಟುಗಳಿಗೆ ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಕೊಡುವ ಸಣ್ಣ ಕಂಪನಿ ಅವನದು. ಅವಳಿಗೆ ಕುರ್ಚಿ ಎಳೆದುಕೊಟ್ಟು, ಸಾವಕಾಶವಾಗಿ ಹೇಳಿದ.

"ನೀವೀಗ ಇರೋದು ಶೇರ್ಡ್ ಹೋಸ್ಟಿಂಗಲ್ಲಿ. ವಠಾರ ಇದ್ದ ಹಾಗೆ ಅದು. ಒಂದೇ ಯಂತ್ರದಲ್ಲಿ ನೂರಾರು ಸೈಟು, ಎಲ್ಲಕ್ಕೂ ಒಂದೇ ನಲ್ಲಿ. ಪರೀಕ್ಷೆ ಬಂತು ಅಂತ ಎಲ್ಲಾ ಮಕ್ಕಳೂ ಒಟ್ಟಿಗೆ ನಿಮ್ಮ ಮನೆಗೆ ನುಗ್ಗಿದ್ರೆ ಪಕ್ಕದ ಮನೆಯವರಿಗೆ ನೀರೆಲ್ಲಿ? ಅದಕ್ಕೇ ಯಂತ್ರ ತಾನಾಗೇ ನಿಮ್ಮನ್ನ ಆಚೆ ಹಾಕ್ತು."

"ಹಂಗಾದ್ರೆ ಏನ್ಮಾಡ್ಬೇಕು?"

"ವಿಪಿಎಸ್ ತಗೊಳ್ಳಿ. ವರ್ಚುವಲ್ ಪ್ರೈವೇಟ್ ಸರ್ವರ್. ಯಂತ್ರ ಒಂದೇ ಆದ್ರೂ ನಿಮ್ಮ ಪಾಲಿಗೆ ಗೋಡೆ ಬೇರೆ, ನೀರು ಬೇರೆ, ಬೀಗ ಬೇರೆ. ಆದ್ರೆ ಖರ್ಚು ಜಾಸ್ತಿ. ಕೆಟ್ರೆ ನೀವೇ ಸರಿ ಮಾಡ್ಕೋಬೇಕು."

ಸಂಘಮಿತ್ರಳ ಮೈ ಉರಿಯಿತು. 'ಓಹೋ... ಇದಾ ವಿಷಯ! ಮೊದಲು ಬಾಗಿಲು ಮುಚ್ಚೋದು, ಆಮೇಲೆ ದುಬಾರಿ ಸಾಮಾನು ಮಾರೋದು!'

"ವ್ಯಾಪಾರ ಚೆನ್ನಾಗಿ ಕಲ್ತಿದ್ದೀರಿ. ಸದ್ಯಕ್ಕೆ ನನ್ನ ಸೈಟ್ ತೆರೀರಿ, ಸಾಕು."

ಬೀರೇಶ್ ಕಂಪ್ಯೂಟರ್ ನೋಡಿದ. "ತೆರೀತೀನಿ. ಆದ್ರೆ ಅಕೌಂಟ್ ಸುನೀಲ್ ಅನ್ನೋರ ಹೆಸರಲ್ಲಿದೆ... ಚಿಕ್ಕಬಳ್ಳಾಪುರ. ಅವರೊಂದು ಮೇಲ್ ಹಾಕ್ಬೇಕು. ಅವರು ನಿಮಗೆ...?"

ಅಷ್ಟು ಹೊತ್ತು ಗುಡುಗಿದವಳ ದನಿ ಇಳಿಯಿತು.

"ನನ್ನ... ಮದುವೆ ಆಗೋರು."

* * *

ಸುನೀಲ್ ಅವಳ ಸೋದರತ್ತೆ ಕೊಂಡಮ್ಮನ ಮಗ. ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ. ಅಕ್ಕಪಕ್ಕದ ಊರುಗಳಲ್ಲೂ ಅದರ ಶಾಖೆಗಳಿದ್ದವು.

ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ. ಕೇಳುವ ಮೊದಲೇ ಎಲ್ಲವನ್ನೂ ತಂದು ಮುಂದಿಡುತ್ತಿದ್ದ. ಅವಳ ಮೊಬೈಲು ಅವನ ಹೆಸರಿನದು. ಅವಳು ಓಡಿಸುವ ಸ್ಕೂಟಿ ಅವನ ಹೆಸರಿನದು. ವೆಬ್‌ಸೈಟ್ ಮಾಡುತ್ತೇನೆ ಎಂದಾಗಲೂ, "ನಿಂಗ್ಯಾಕೆ ಬೇರೆ ತಾಪತ್ರಯ? ನನ್ನ ಅಕೌಂಟಲ್ಲೇ ಒಂದು ಮೂಲೆ ಕೊಡ್ತೀನಿ ಕಣೇ" ಎಂದಿದ್ದ.

ಊರವರ ಬಾಯಲ್ಲಿ ಒಂದೇ ಮಾತು... ಎಂಥಾ ಅದೃಷ್ಟವಂತೆ!

ಅವಳಿಗೆ ಮಾತ್ರ ಉಸಿರು ಕಟ್ಟುತ್ತಿತ್ತು. ಯಾಕೆಂದು ಯಾರಿಗೆ ಹೇಳುವುದು? ಹೊಡೆದರೆ ಗಾಯ ತೋರಿಸಬಹುದು. ಒಳ್ಳೆಯತನದಿಂದಲೇ ಕಟ್ಟಿ ಹಾಕಿದರೆ ಏನು ತೋರಿಸುವುದು?

ಅಪ್ಪನಿಗೆ ಹೇಳೋಣವೆಂದರೆ... ಅಪ್ಪ ಗಂಗರಾಜು ನಿವೃತ್ತ ಹೈಸ್ಕೂಲು ಮೇಷ್ಟ್ರು. ಅವರನ್ನು ಓದಿಸಿದ್ದೇ ಅಕ್ಕ ಕೊಂಡಮ್ಮ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿ, ಬಿಸಿನೀರಿನಲ್ಲಿ ಗೂಡು ಬಿಡಿಸಿ ಬಿಡಿಸಿ ಆಕೆಯ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮಿತ್ರಳ ಅಮ್ಮ ತೀರಿಕೊಂಡಾಗ ಮಗುವನ್ನು ಮಡಿಲಿಗೆ ಹಾಕಿಕೊಂಡಿದ್ದೂ ಅದೇ ಕೈಗಳು.

"ಅಕ್ಕ ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ ಕಣಮ್ಮ. ಇಲ್ಲ ಅಂತ ಹೆಂಗೆ ಹೇಳಲಿ?" ಎಂದಿದ್ದರು ಅಪ್ಪ.

ಮಿತ್ರ ತಲೆಯಾಡಿಸಿದ್ದಳು. ಅಷ್ಟೇ. ಬಾಗಿಲು ಹಾಕಿಕೊಂಡಿತ್ತು.

ಅವಳಿಗೆ ಅಂತ ಉಳಿದಿದ್ದು ಆ ವೆಬ್‌ಸೈಟ್ ಒಂದೇ. ಕನ್ನಡ ಮಾಧ್ಯಮದ ಹತ್ತನೇ ತರಗತಿ ಪಾಠಗಳು, ಪ್ರಶ್ನೆಗಳು, ಉತ್ತರಗಳು... ತಾನು ಕಲಿಸುವ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಒಂದೊಂದು ಅಕ್ಷರವನ್ನೂ ತಾನೇ ಟೈಪ್ ಮಾಡಿ ಹಾಕಿದ್ದಳು. ಎಲ್ಲೆಲ್ಲಿಂದಲೋ ಮಕ್ಕಳು ಸೈಬರ್ ಸೆಂಟರಿಗೆ ಹೋಗಿ ತೆರೆದು ಪ್ರಿಂಟ್ ತೆಗೆದುಕೊಳ್ಳುತ್ತಿದ್ದರು.

ಅದೂ ಇದ್ದದ್ದು ಅವನ ಮೂಲೆಯಲ್ಲಿ!

ಆ ಸಂಜೆ ಸುನೀಲ್ ಫೋನ್ ಮಾಡಿದ. ದನಿ ಎಂದಿನಂತೆ ಮೃದು.

"ಚಿಂತಾಮಣಿವರೆಗೂ ಹೋಗಿದ್ಯಂತೆ? ನನಗೊಂದು ಮಾತು ಹೇಳ್ದೆ?"

"ಅರ್ಜೆಂಟಿತ್ತು ಭಾವ..."

"ನಾನೊಂದು ಮೇಲ್ ಹಾಕಿದ್ರೆ ಮುಗಿಯೋ ಕೆಲಸ ಅದು. ಹಾಕಿದ್ದೀನಿ ಬಿಡು. ಇನ್ಮೇಲೆ ಹಿಂಗೆ ಒಬ್ಬಳೇ ಎಲ್ಲೂ ಹೋಗ್ಬೇಡ, ಆಯ್ತಾ?"

ಸೈಟ್ ತೆರೆದುಕೊಂಡಿತ್ತು. ಆದರೆ ಅವಳಿಗೆ ಸಂತೋಷವಾಗಲಿಲ್ಲ.

* * *

ಕೆಲವು ದಿನಗಳ ನಂತರ, ಅವತ್ತು ಅವಳು ಬರೆದುಕೊಟ್ಟು ಬಂದಿದ್ದ ಕಾಲೇಜಿನ ಆಫೀಸಿನ ನಂಬರಿಗೆ ಫೋನ್ ಬಂತು.

"ಮೇಡಂ, ನಾನು ಬೀರೇಶ್. ವಿಪಿಎಸ್ ಬೇಡ ಅಂದ್ರಲ್ಲ, ಸರಿ. ಆದ್ರೆ ಈಗಿರೋ ಜಾಗದಲ್ಲೇ ಪರೀಕ್ಷೆವರೆಗೂ ತಳ್ಳೋಕೆ ಒಂದು ದಾರಿ ಇದೆ. ನಿಮ್ಮ ಚಿತ್ರಗಳು ತುಂಬಾ ದೊಡ್ಡದಿವೆ. ಚಿಕ್ಕದು ಮಾಡಿ ಹಾಕಿದ್ರೆ ಯಂತ್ರಕ್ಕೆ ಭಾರ ಕಮ್ಮಿ. ಬರ್ಕೊಳ್ತೀರಾ?"

ಸಂಘಮಿತ್ರ ಪೆಚ್ಚಾದಳು. 'ಮಾರಲು ಬಂದವನು ಕೊಳ್ಳದಿರುವ ಉಪಾಯ ಹೇಳಿಕೊಡುತ್ತಾನಾ?'

"ಅವತ್ತು ಬಾಯಿಗೆ ಬಂದ ಹಾಗೆ ಮಾತಾಡಿದೆ..." ಅಂದಳು ಮೆಲ್ಲಗೆ.

"ಬೈಸ್ಕೊಂಡ್ರೂ ಬನ್ನು ಖುಷಿಯಾಗೇ ತಿಂದೆ ಬಿಡಿ. ಆ ಪಾಠ ಬರ್ದೋರ್ನ ನೋಡಿದ್ನಲ್ಲ!"

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು...

ಅಲ್ಲಿಂದ ಮಾತು ಬೆಳೆಯಿತು. ಊಟದ ಬಿಡುವಿನಲ್ಲಿ ಕಾಲೇಜಿನ ಫೋನ್ ಮೊಳಗುತ್ತಿತ್ತು. ಸರ್ವರ್ ಎಂದರೇನು, ಅದಕ್ಕೆ ಹೇಗೆ ಆಜ್ಞೆ ಕೊಡಬೇಕು, ನಿಂತುಹೋದರೆ ಹೇಗೆ ಎಬ್ಬಿಸಬೇಕು... ಒಂದೊಂದಾಗಿ ಹೇಳಿಕೊಟ್ಟ. ಅವಳು ಪಟಪಟನೆ ಕಲಿತಳು. ತಪ್ಪು ಮಾಡಿದರೆ ಅವನು ನಗುತ್ತಿರಲಿಲ್ಲ. "ಇನ್ನೊಂದ್ಸಲ ನೋಡಿ ಮೇಡಂ, ಎಲ್ಲೋ ಒಂದು ಚುಕ್ಕಿ ಬಿಟ್ಟಿರ್ತೀರಿ" ಎಂದು ಕಾಯುತ್ತಿದ್ದ.

ಒಂದು ದಿನ ಇದ್ದಕ್ಕಿದ್ದಂತೆ ಕೇಳಿದ.

"ಎಲ್ಲಾ ಅವರನ್ನ ಕೇಳ್ಬೇಕು ಅಂತೀರಲ್ಲ... ನಿಮಗೇನು ಬೇಕು?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಕೇಳಿರಲಿಲ್ಲ!

"ಗಂಟೆ ಹೊಡೀತು. ಇಡ್ತೀನಿ" ಎಂದು ಸುಳ್ಳು ಹೇಳಿ ಫೋನ್ ಇಟ್ಟಳು.

* * *

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬೀದಿಯ ಹುಡುಗಿಯೊಬ್ಬಳು ತಡೆದು ಕೇಳಿದಳು. "ಅಕ್ಕಾ, ಗಣಿತದ ಪಾಠ ತೆಗೆದ್ರೆ ನಮ್ಮಪ್ಪನ ಫೋನ್ ನಂಬರ್ ಕೇಳ್ತದೆ, ಕೊಡ್ಬೇಕಾ?"

ಮಿತ್ರ ಓಡಿ ಹೋಗಿ ಕಂಪ್ಯೂಟರ್ ತೆರೆದಳು.

ಅವಳ ಪುಟದ ನೆತ್ತಿಯ ಮೇಲೆ ಸುನೀಲನ ತರಬೇತಿ ಕೇಂದ್ರದ ದೊಡ್ಡ ಜಾಹೀರಾತು. ಹೆಸರು, ವಿಳಾಸ, ಫೋನ್ ನಂಬರ್ ಕೊಡದೆ ಒಂದು ಪಾಠವೂ ತೆರೆಯುತ್ತಿರಲಿಲ್ಲ. ಅವಳು ಅಕ್ಷರ ಅಕ್ಷರ ಜೋಡಿಸಿದ ಪಾಠಗಳು... ಈಗ ಅಡ್ಮಿಷನ್‌ಗೆ ಮಕ್ಕಳನ್ನು ಹಿಡಿಯುವ ಬಲೆ!

"ಭಾವ, ಅದನ್ನ ತೆಗೀರಿ!"

"ಯಾಕೆ ಕಣೇ? ನಿನ್ನ ಸೈಟಿಂದ ನಮಗೇ ಅನುಕೂಲ ತಾನೇ? ಮದುವೆ ಆದ್ಮೇಲೆ ನಿಂದು ನಂದು ಅಂತ ಏನಿದೆ?"

"ಹಂಗಾದ್ರೆ ನಾನು ಬೇರೆ ಸರ್ವರ್ ತಗೋತೀನಿ. ನನ್ನ ಸಂಬಳದಲ್ಲಿ."

ಅತ್ತ ಕಡೆ ನಗು. "ತಗೋ. ಅದಕ್ಕೇನು? ಎಲ್ಲಿಗೆ ಹೋದ್ರೂ ನಮ್ಮ ಮನೆಗೇ ತಾನೇ ಬರೋದು!"

ಆ ನಗು ಅವಳ ಕಿವಿಯಲ್ಲೇ ಉಳಿಯಿತು.

ಮರುದಿನವೇ ಬೀರೇಶನಿಗೆ ಫೋನ್ ಮಾಡಿದಳು. "ನನ್ನ ಹೆಸರಲ್ಲೇ ವಿಪಿಎಸ್ ಬೇಕು."

ಅವನು ಕಾರಣ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲಾ ಸಿದ್ಧ. "ಪಾಸ್‌ವರ್ಡ್ ನೀವೇ ಬದಲಾಯಿಸ್ಕೊಳ್ಳಿ. ನನಗೂ ಹೇಳ್ಬೇಡಿ" ಎಂದ.

ಮನೆಯ ಕಂಪ್ಯೂಟರಿನಲ್ಲಿದ್ದ ಪಾಠಗಳನ್ನೆಲ್ಲಾ ಅವಳು ಹೊಸ ಜಾಗಕ್ಕೆ ಏರಿಸಿದಳು. ಮೊದಲ ಪುಟ ತೆರೆದಾಗ, ಖಾಲಿ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು!

ಉಳಿದದ್ದು ಒಂದೇ ಕೆಲಸ.

"ಈಗ ಆ ಹಳೇ ವಿಳಾಸನ ಈ ಕಡೆ ತಿರುಗಿಸಿಬಿಡಿ. ಮಕ್ಕಳಿಗೆ ಗೊತ್ತಿರೋದು ಅದೇ ಹೆಸರು."

"ಅದು ಆಗಲ್ಲ ಮೇಡಂ. ಸೈಟಿನ ಆ ಹೆಸರು ರಿಜಿಸ್ಟರ್ ಆಗಿರೋದು ಸುನೀಲ್ ಅವರ ಹೆಸರಲ್ಲಿ. ಅವರು ಒಪ್ಬೇಕು."

"ಅವರು ಒಪ್ಪಲ್ಲ ಅಂತ ನಿಮಗೂ ಗೊತ್ತು! ಎಲ್ಲಾ ನಿಮ್ಮ ಕೈಯಲ್ಲೇ ಇದೆಯಲ್ಲ... ಒಂದು ಬಟನ್ ಒತ್ತಿದ್ರೆ ಮುಗೀತು."

"ಒತ್ತಬಹುದು... ಒತ್ತಲ್ಲ."

"ಯಾಕೆ?"

"ಅದು ನನ್ನದಲ್ಲ."

ಅವಳೊಳಗೆ ಏನೋ ಮುರಿಯಿತು. ಇಷ್ಟು ದಿನ ಒಂದು ಕಿಟಕಿ ತೆರೆದಿದೆ ಎಂದುಕೊಂಡಿದ್ದಳು. ಅದೂ ಗೋಡೆಯ ಮೇಲೆ ಬರೆದ ಕಿಟಕಿಯೇ?

"ಗೊತ್ತಾಯ್ತು ಬಿಡಿ. ಅವರು ನಿಮ್ಮ ದೊಡ್ಡ ಗಿರಾಕಿ, ಅಲ್ವಾ? ನೀವೂ ಅವರ ಕಡೆನೇ! ನಾನೇ ಹುಚ್ಚಿ..."

"ಮಿತ್ರ ಅವ್ರೇ, ಒಂದ್ನಿಮಿಷ—"

ಮೊದಲ ಸಲ ಅವನು ಹೆಸರು ಹಿಡಿದು ಕರೆದಿದ್ದ. ಆದರೆ ಅವಳು ಅಷ್ಟರಲ್ಲೇ ಫೋನ್ ಕುಕ್ಕಿದ್ದಳು.

ಆಮೇಲೆ ಫೋನ್ ಬಂದರೂ ಆಫೀಸಿನವರಿಗೆ "ಇಲ್ಲ ಅನ್ನಿ" ಎಂದಳು. ಆಮೇಲಾಮೇಲೆ ಅದೂ ಬರಲಿಲ್ಲ.

* * *

ಆ ಭಾನುವಾರ ಮದುವೆಯ ದಿನ ಗೊತ್ತು ಮಾಡಲು ಕೊಂಡಮ್ಮ, ಸುನೀಲ್ ಇಬ್ಬರೂ ಬಂದರು.

ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಅಪ್ಪ ಕೈಕಟ್ಟಿ ಕೂತಿದ್ದರು, ಅಕ್ಕನ ಎದುರು ಎಂದಿನಂತೆ ಚಿಕ್ಕ ಹುಡುಗನಾಗಿ. ಮಿತ್ರ ಕಾಫಿ ಲೋಟಗಳನ್ನು ಇಟ್ಟಳು. 'ಇನ್ನು ಸ್ವಲ್ಪ ಹೊತ್ತು. ಆಮೇಲೆ ಎಲ್ಲಾ ಮುಗಿದುಹೋಗುತ್ತದೆ...'

"ಇವಳೊಂದು ಹೊಸ ಆಟ ಕಟ್ಟಿದ್ದಾಳೆ ಮಾವ," ಸುನೀಲ್ ನಗುತ್ತಲೇ ಶುರು ಮಾಡಿದ. "ಬೇರೆ ಸರ್ವರ್ರಂತೆ! ಹೋಗ್ಲಿ, ಮಾಡ್ಕೊಳ್ಳಲಿ, ನಾನೂ ಒಂದು ಕಣ್ಣಿಟ್ಟಿರ್ತೀನಿ ಅಂತ ಆ ಚಿಂತಾಮಣಿಯವನನ್ನ ಪಾಸ್‌ವರ್ಡ್ ಕೇಳ್ದೆ. ಏನಂದ ಗೊತ್ತಾ? ಅದು ನನ್ಹತ್ರ ಇಲ್ಲ, ಇದ್ರೂ ಕೊಡಲ್ಲ, ಅದು ಅವರದು ಅಂದ! ನಮ್ಮ ಎಲ್ಲಾ ಬ್ರಾಂಚಿನ ಸೈಟೂ ನಿನ್ನ ಹತ್ರದಿಂದ ತೆಗೆದ್ಬಿಡ್ತೀನಿ ಅಂದೆ. ತೆಗೀರಿ ಸಾರ್ ಅಂದ! ಎಷ್ಟು ಕೊಬ್ಬು ನೋಡಿ. ತೆಗೆದೂಬಿಟ್ಟೆ."

ಕಾಫಿ ತಟ್ಟೆ ಮಿತ್ರಳ ಕೈಯಲ್ಲಿ ಹಾಗೇ ನಿಂತಿತು.

'ಅದು ನನ್ನದಲ್ಲ...' ಎಂದಿದ್ದನಲ್ಲ ಅವನು! ಸುನೀಲನ ಬೀಗವನ್ನು ಅವಳಿಗಾಗಿ ಮುರಿಯದವನು, ಅವಳ ಬೀಗವನ್ನು ಸುನೀಲನಿಗಾಗಿ ಮುರಿಯಲಿಲ್ಲ. ಅಂಗಡಿಯೇ ಮುಚ್ಚಿಹೋದರೂ ಸರಿ ಎಂದು ನಿಂತ. ಅವಳಿಗೊಂದು ಮಾತೂ ಹೇಳಲಿಲ್ಲ.

ಹೇಳಲು ಅವಳು ಬಿಟ್ಟಿದ್ದರೆ ತಾನೇ!

ತಟ್ಟೆ ಕೆಳಗಿಟ್ಟಳು.

"ಭಾವ... ನಾನು ನಿಮ್ಮನ್ನ ಮದುವೆ ಆಗಲ್ಲ."



"ಏನಂದೆ?" ಸುನೀಲನ ನಗು ಮಾಯವಾಯಿತು. "ನಾನೇನು ಕಮ್ಮಿ ಮಾಡಿದ್ದೀನಿ ನಿನಗೆ?"

"ಏನೂ ಕಮ್ಮಿ ಮಾಡಿಲ್ಲ ಭಾವ. ಎಲ್ಲಾ ಕೊಟ್ರಿ. ಆದ್ರೆ ಒಂದನ್ನೂ ನನ್ನ ಕೈಗೆ ಬಿಡಲಿಲ್ಲ." ಅವಳು ಮೊಬೈಲು, ಸ್ಕೂಟಿಯ ಕೀಲಿ ತಂದು ಅವನ ಮುಂದಿಟ್ಟಳು. ಆಮೇಲೆ ಕೊಂಡಮ್ಮನ ಕಾಲ ಬಳಿ ಕುಸಿದು ಕೂತಳು. "ಅತ್ತೆ, ನೀವು ಇಲ್ದಿದ್ರೆ ಅಪ್ಪ ಇಲ್ಲ, ನಾನೂ ಇಲ್ಲ. ನಿಮ್ಮ ಋಣ ತೀರಿಸಕ್ಕೆ ಬೇರೆ ಏನು ಬೇಕಾದ್ರೂ ಕೇಳಿ. ಇದೊಂದು ನನ್ನಿಂದ ಆಗಲ್ಲ... ನನಗೆ ಉಸಿರು ಕಟ್ಟುತ್ತೆ ಅತ್ತೆ!"

ಕೊಂಡಮ್ಮ ಅವಳನ್ನು ಎತ್ತಲಿಲ್ಲ. ಮುಖ ಕೆಂಪಾಗಿತ್ತು. ತಮ್ಮ ಬೆರಳುಗಳನ್ನೇ ನೋಡುತ್ತಾ ಕೂತರು. ಕೊನೆಗೆ ಮಗನ ಕಡೆ ತಿರುಗಿದರು.

"ಅವಳ ಬೀಗದ ಕೈ ನಿನಗ್ಯಾಕೋ ಬೇಕಾಗಿತ್ತು?"

"ಅಮ್ಮ, ನಾನು ಅವಳ ಒಳ್ಳೇದಕ್ಕೇ—"

"ನಿಮ್ಮಪ್ಪನೂ ಹಿಂಗೇ ಅಂತಿದ್ದ. ನಾನು ದುಡಿದು ತಂದಿದ್ದನ್ನ ಪೆಟ್ಟಿಗೇಲಿಟ್ಟು, ಕೀಲಿ ಉಡಿದಾರಕ್ಕೆ ಕಟ್ಕೊಂಡು... ನಿನ್ನ ಒಳ್ಳೇದಕ್ಕೇ ಅಂತಿದ್ದ."

ಅವರು ಎದ್ದರು. ಬಾಗಿಲ ಬಳಿ ಹೋಗಿ, ತಿರುಗದೆಯೇ ಹೇಳಿದರು. "ಗಂಗಾ, ನನಗೆ ನೋವಾಗಿದೆ. ಇಲ್ಲ ಅನ್ನಲ್ಲ. ಒಂದಷ್ಟು ದಿನ ನಾನು ಈ ಮನೆಗೆ ಬರಲ್ಲ. ಆದ್ರೆ ನಿನ್ನ ಓದಿಸಿದ್ದು ಈ ಕೂಸನ್ನ ಕಟ್ಟಿ ಹಾಕಕ್ಕಲ್ಲ ಕಣಪ್ಪ."

ಅವರು ಹೋದ ಮೇಲೆ ಗಂಗರಾಜು ಮಗಳ ತಲೆಯ ಮೇಲೆ ಕೈಯಿಟ್ಟರು.

"ನಾನೇ ಕೇಳ್ಬೇಕಾಗಿತ್ತು ಕಣಮ್ಮ ನಿನ್ನ... ಕೇಳಲಿಲ್ಲ."

* * *

ಹಳೇ ಹೆಸರನ್ನು ಸುನೀಲನಿಗೇ ಬಿಟ್ಟಳು. ತನ್ನ ಹೆಸರಲ್ಲೇ ಹೊಸ ವಿಳಾಸ ಕೊಂಡು, ಸೈಟಿಗೆ 'ಮಿತ್ರ ಪಾಠ' ಎಂದು ಹೆಸರಿಟ್ಟಳು.

ಅದನ್ನು ಮಕ್ಕಳಿಗೆ ಮುಟ್ಟಿಸಲು ಅಪ್ಪನೇ ಮುಂದಾದರು. ಅವರ ಹಳೇ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಈಗ ಮೇಷ್ಟ್ರುಗಳು. ಒಬ್ಬೊಬ್ಬರಿಗೂ ಫೋನ್ ಮಾಡಿ, "ಬೋರ್ಡ್ ಮೇಲೆ ಬರೆದು ಹಾಕಪ್ಪ" ಎಂದರು. ಮಂಚೇನಹಳ್ಳಿಯಲ್ಲಿ, ಶಿಡ್ಲಘಟ್ಟದಲ್ಲಿ, ಬಾಗೇಪಲ್ಲಿಯಲ್ಲಿ ಸುಣ್ಣದ ಕಡ್ಡಿಯಲ್ಲಿ ಅವಳ ವಿಳಾಸ ಮೂಡಿತು.

ಪರೀಕ್ಷೆಯ ಹಿಂದಿನ ವಾರ ಮಕ್ಕಳು ಮತ್ತೆ ಒಟ್ಟಿಗೆ ನುಗ್ಗಿದರು. ಸರ್ವರ್ ಒಮ್ಮೆ ಮುಗ್ಗರಿಸಿತು. ಅವಳ ಕೈ ಫೋನಿನ ಕಡೆ ಹೋಯಿತು... ಹಿಂದೆ ತೆಗೆದುಕೊಂಡಳು. ಯಾವ ಮುಖ ಹೊತ್ತು ಕರೆಯುವುದು?

ಅವನು ಹೇಳಿಕೊಟ್ಟಿದ್ದನ್ನೇ ನೆನಪಿಸಿಕೊಂಡು, ತಪ್ಪು ಹುಡುಕಿ, ತಾನೇ ಎಬ್ಬಿಸಿದಳು. ಆಮೇಲೆ ಅದು ಬೀಳಲಿಲ್ಲ.

ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಚಿಂತಾಮಣಿ ಬಸ್ ಹತ್ತಿದಳು. ಈ ಸಲ ಯಾರಿಗೂ ಹೆದರಬೇಕಾಗಿರಲಿಲ್ಲ. ಅಪ್ಪನಿಗೆ ಮಾತ್ರ, "ಕ್ಷಮೆ ಕೇಳಕ್ಕೆ ಹೋಗ್ತಿದ್ದೀನಿ" ಎಂದು ಹೇಳಿದ್ದಳು.

ಮಹಡಿ ಮೇಲಿನ ಆಫೀಸಿನಲ್ಲಿ ಈಗ ಒಂದೇ ಕಂಪ್ಯೂಟರು. ಬೀರೇಶ್ ಬಡವಾಗಿದ್ದ. ಅವಳನ್ನು ಕಂಡವನೇ ತಡಬಡಾಯಿಸಿ ಎದ್ದ.

"ಮೇಡಂ... ಸರ್ವರ್ ಬಿತ್ತಾ?"

"ಬೀಳಲಿಲ್ಲ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲಾ ಮರೆತುಹೋಯಿತು. "ಅವತ್ತು ನಿಮ್ಮನ್ನ... ಏನೇನೋ ಅಂದೆ. ನೀವು ಇಷ್ಟು ಕಳ್ಕೊಂಡ್ರೂ ಒಂದು ಮಾತೂ ಹೇಳಲಿಲ್ಲ. ಯಾಕೆ?"

"ಹೇಳಿದ್ರೆ ಲೆಕ್ಕ ಒಪ್ಪಿಸಿದ ಹಾಗೆ ಆಗ್ತಿತ್ತು. ನಿಮಗೋಸ್ಕರ ಇಷ್ಟು ಮಾಡ್ದೆ ಅಂತ... ಅಂಥ ಮಾತು ನೀವು ಬೇಕಾದಷ್ಟು ಕೇಳಿದ್ರಿ ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು. "ನಾನು ಮದುವೆ ಬೇಡ ಅಂದೆ. ಗೊತ್ತಾ?"

"ಗೊತ್ತಾಯ್ತು. ಸುನೀಲ್ ಅವರ ಸೆಂಟರಿನೋರು ಹೇಳಿದ್ರು."

"ಆದ್ರೂ ಬರಲಿಲ್ಲ!"

ಬೀರೇಶ್ ಕಿಟಕಿಯ ಕಡೆ ನೋಡಿದ. "ಒಂದು ಬಾಗಿಲು ದಾಟ್ಕೊಂಡು ಈಗ ತಾನೇ ಹೊರಗೆ ಬಂದೋರಿಗೆ ನನ್ನ ಬಾಗಿಲು ತೋರ್ಸೋದಾ? ಮೊದಲು ಸ್ವಲ್ಪ ಗಾಳಿ ಕುಡೀಲಿ ಅನ್ನಿಸ್ತು. ಬರೋದಿದ್ರೆ ನೀವೇ ಬರ್ತೀರಿ... ಬರ್ದಿದ್ರೂ ನಿಮ್ಮಿಷ್ಟ ಅಂತ ಕಾಯ್ತಿದ್ದೆ." ಅವಳ ಕಡೆ ತಿರುಗಿದ. "ನನಗೆ ನೀವು ಅಂದ್ರೆ ಪ್ರಾಣ, ಮಿತ್ರ ಅವ್ರೇ."

ಫ್ಯಾನು ಕಿರುಗುಟ್ಟುತ್ತಲೇ ಇತ್ತು. ಅವಳ ಎದೆಯಲ್ಲಿ ಎಷ್ಟೋ ಕಾಲದಿಂದ ಬಿಗಿದುಕೊಂಡಿದ್ದ ಉಸಿರು ಮೆಲ್ಲಗೆ ಹೊರಬಂತು.

"ಅವತ್ತು ನನಗೇನು ಬೇಕು ಅಂತ ಕೇಳಿದ್ರಲ್ಲ... ಇವತ್ತು ಹೇಳ್ತೀನಿ. ನೀವು ಬೇಕು." ಅಂದವಳೇ ಮುಖ ತಗ್ಗಿಸಿದಳು. "ಆದ್ರೆ ನಮ್ಮ ಜಾತಿ ಬೇರೆ. ನಿಮ್ಮ ಮನೇಲಿ ಒಪ್ಪಲ್ಲ. ಇನ್ನೊಂದು ಮನೇಲಿ ತಲೆ ತಗ್ಗಿಸಿ ನಿಲ್ಲೋಕೆ ನನ್ನಿಂದ ಆಗಲ್ಲ."

"ನಿಲ್ಸಲ್ಲ. ಅಮ್ಮನಿಗೆ ಆಗಲೇ ಹೇಳಿದ್ದೀನಿ."

"ಏನಂದ್ರು?"

"ಮಾತು ಬಿಟ್ರು. ನಾನೂ ಸುಮ್ನೆ ಇದ್ದೆ. ಇವತ್ತು ಬೆಳಿಗ್ಗೆ ಮುದ್ದೆ ಇಕ್ಕುವಾಗ, ನನ್ನ ಮುಖ ನೋಡ್ದೇನೇ ಕೇಳಿದ್ರು..." ಅವನ ತುಟಿಯ ಮೇಲೆ ಅಂಜಿಕೆಯ ನಗು. "ನಮ್ಮ ಮನೇಲಿ ತೆಲುಗೇ ಮಾತಾಡೋದು. 'ಆ ಪಿಲ್ಲಕಿ ತೆಲುಗು ವಸ್ತುಂದಾ?' ಅಂದ್ರು. ಹುಡುಗಿಗೆ ತೆಲುಗು ಬರುತ್ತಾ ಅಂತ."

ಮಿತ್ರ ಅಳುತ್ತಲೇ ನಕ್ಕುಬಿಟ್ಟಳು. "ನೀವೇನಂದ್ರಿ?"

"ಗೊತ್ತಿಲ್ಲ, ಕೇಳಿಲ್ಲ ಅಂದೆ."

ಆಂಧ್ರದ ಗಡಿಯ ಗೌರಿಬಿದನೂರಿನ ಹುಡುಗಿಗೆ ತೆಲುಗು ಬರುತ್ತಾ ಅಂತ ಕೇಳಬೇಕೇ! ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅವನನ್ನು ನೇರವಾಗಿ ನೋಡಿದಳು.

"ಬಾಗಾ ವಸ್ತುಂದಿ ಅನಿ ಚೆಪ್ಪು."

ಅವನು ಕಣ್ಣರಳಿಸಿದ.

"ಚೆನ್ನಾಗಿ ಬರುತ್ತೆ ಅಂತ ಹೇಳು... 'ಹೇಳಿ' ಅಲ್ಲ, 'ಹೇಳು' ಅಂದ್ಯಾ?"

"ಅಂದೆ. ಏನೀಗ?"

"ಏನಿಲ್ಲ..." ಬೀರೇಶ್ ಮೆಲ್ಲಗೆ ಅವಳ ಕೈ ಹಿಡಿದ. "ಇನ್ನೊಂದ್ಸಲ ಅನ್ನು."